ಕಿತ್ತ ಕಾರ್ಡಿನ ಅಡ್ರೆಸ್

ಸುಟ್ಟುಹೋದ ನೆಟ್‌ವರ್ಕ್ ಕಾರ್ಡನ್ನು ಕಿತ್ತು, ಹೊಸದನ್ನು ಕೂರಿಸಿ, ನೆಟ್‌ವರ್ಕಿನಲ್ಲಿ ಹಳೆಯದರ ಗುರುತಾಗಿದ್ದ ಐಪಿ ಅಡ್ರೆಸ್ಸನ್ನೇ ಅದಕ್ಕೂ ಕೊಟ್ಟೆ. ಕಂಪ್ಯೂಟರ್ ತಕರಾರು ತೆಗೆಯಿತು. ಈ ಅಡ್ರೆಸ್ ಈಗಾಗಲೇ ಬೇರೊಂದು ಕಾರ್ಡಿಗೆ ಸೇರಿದೆ, ಆ ಕಾರ್ಡು ಸದ್ಯ ಇಲ್ಲಿಲ್ಲ ಎಂಬ ಸಂದೇಶ ಪರದೆಯ ಮೇಲೆ ಮೂಡಿತು. ಆ ಕಾರ್ಡು ಸುಟ್ಟ ವಾಸನೆ ಬೀರುತ್ತಾ ನನ್ನ ಅಂಗೈಯಲ್ಲೇ ಇತ್ತು!

ಇಂದಿರಾನಗರದ ಆ ಟ್ರಾವೆಲ್ಸ್ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಬುಕಿಂಗ್ ನಿಂತು ಗಿರಾಕಿಗಳು ಗೊಣಗುತ್ತಿದ್ದರು. ಅಕೌಂಟ್ಸಿನ ಮಂಜುಳಾ ಮೇಡಂ ಹಿಂದಿನಿಂದ, "ಸಲೀಮ್‌ಗೆ ಒಂದು ಫೋನ್ ಮಾಡ್ಬಿಡ್ರೀ. ಅವರಿದ್ದಾಗ ಹಿಂಗೆಲ್ಲ ಆಗ್ತಾನೇ ಇರ್ಲಿಲ್ಲ" ಎಂದರು. ಸಲೀಮ್ ಎಂದರೆ ಒಂದು ವರ್ಷದ ಹಿಂದೆ ನನಗೆ ಕೆಲಸ ಒಪ್ಪಿಸಿ ಹೋದವನು. ನನಗೆ ಮೈಯೆಲ್ಲ ಉರಿಯಿತು. ಮನುಷ್ಯರಂತೂ ಸರಿ, ಈ ಯಂತ್ರವೂ ಬಿಟ್ಟುಹೋದವರ ಜಾಗ ಕಾಯುತ್ತಾ ಕೂತಿದೆಯಲ್ಲ!

ನಾನು ಫೋನ್ ಮಾಡಲಿಲ್ಲ. ಸೆಟ್ಟಿಂಗುಗಳನ್ನೆಲ್ಲ ಕೆದಕಿ, ಕಣ್ಣಿಗೆ ಬೀಳದಂತೆ ಒಳಗೇ ಉಳಿದಿದ್ದ ಹಳೆಯ ಕಾರ್ಡಿನ ಗುರುತನ್ನು ಹಲ್ಲು ಕಚ್ಚಿಕೊಂಡು ಅಳಿಸಿದೆ. ಅಡ್ರೆಸ್ ಹೊಸ ಕಾರ್ಡಿನದಾಯಿತು, ಬುಕಿಂಗ್ ಮತ್ತೆ ಶುರುವಾಯಿತು. "ನೋಡಿದ್ರಾ, ಸಲೀಮ್ ಹೆಸರು ಹೇಳಿದ್ದಕ್ಕೇ ಸರಿಹೋಯ್ತು!" ಎಂದು ಮೇಡಂ ನಕ್ಕರು.

ಆಮೇಲೆ ನಾನೂ ಆ ಕೆಲಸ ಬಿಟ್ಟೆ. ಮೊನ್ನೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಸಲೀಮ್ ಸಿಕ್ಕಿದ್ದ. "ಆ ಆಫೀಸಿನೋರು ಇವತ್ತಿಗೂ ನಂಗೇ ಫೋನ್ ಮಾಡ್ತಾರೆ ಗುರು, ಸಾಕಾಗೋಗಿದೆ" ಎಂದ. ನನಗೆ ಅವರು ಒಂದು ಸಲವೂ ಮಾಡಿಲ್ಲ.