ಹಾಜಿರಾ ಆಪಾ ಕಲಿಸಿದ ಆರು ತಕ್ಬೀರು

2024ರ ಏಪ್ರಿಲ್ 10, ಬುಧವಾರ. ಮಲೇಷ್ಯಾದಲ್ಲಿ ಅಂದು ರಂಜಾನ್ ಹಬ್ಬ. ಕೊಟ್ಟೂರಿನಲ್ಲಿ ಹಿಂದಿನ ಸಂಜೆ ಚಂದ್ರ ಕಂಡಿರಲಿಲ್ಲ. ಅಲ್ಲಿ ಮೂವತ್ತನೆಯ ರೋಜಾ, ಅಂದರೆ ಉಪವಾಸ, ನಡೆದಿತ್ತು. ಊರಿನ ಸಮಯ ಬೆಳಿಗ್ಗೆ ಎಂಟೂವರೆಗೆ ನಾನು ಹಾಸ್ಟೆಲಿನಿಂದ ಹಾಜಿರಾ ಆಪಾ ಅವರಿಗೆ ಫೋನ್ ಮಾಡಿ ಹಬ್ಬದ ಸಲಾಮ್ ಹೇಳಿದೆ. ಅಂದು ನಮಾಜಿಗೆ ಹೋಗಿದ್ದನ್ನೂ ಹೇಳಿದೆ. ಅವರು ಫೋನ್ ಇಟ್ಟರು. ಅದರ ನಂತರ ನನ್ನ ಕರೆಯನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ಆಪಾ ನನಗೆ ಕುರ್‌ಆನ್ ಓದಲು ಕಲಿಸಿದವರು. ಕೊಟ್ಟೂರಿನಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಅವರ ಮನೆ. ಕೋಗಳಿಯಿಂದ ಸೊಸೆಯಾಗಿ ಬಂದವರು. ಗಂಡ ಗಫೂರಸಾಬರದು ರೈಲ್ವೆ ಸ್ಟೇಷನ್ ದಾರಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿ. ಪಡಸಾಲೆಯಲ್ಲಿ ಹುಡುಗಿಯರು ಸಾಲಾಗಿ ಕೂತು ಓದುತ್ತಿದ್ದರೆ ಆಪಾ ಎದುರಿಗೆ ಮೊರ ಇಟ್ಟುಕೊಂಡು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದರು. ನಮ್ಮ ಕಡೆ ನೋಡುತ್ತಿರಲಿಲ್ಲ. ಯಾರಾದರೂ ತಪ್ಪು ಓದಿದರೆ ಸಿಪ್ಪೆ ಒಡೆಯುವ ಸದ್ದು ನಿಲ್ಲುತ್ತಿತ್ತು. ಹತ್ತು ಹುಡುಗಿಯರು ಒಟ್ಟಿಗೆ ಓದುವಾಗಲೂ ಆ ಸದ್ದು ನಿಂತಿದ್ದು ತನಗಾಗಿಯೇ ಎಂದು ತಪ್ಪಿದವಳಿಗೆ ಗೊತ್ತಾಗುತ್ತಿತ್ತು. ಅವಳು ಸರಿಯಾಗಿ ಓದುವವರೆಗೆ ಆಪಾ ಮುಂದಿನ ಕಾಯಿ ಎತ್ತಿಕೊಳ್ಳುತ್ತಿರಲಿಲ್ಲ.

ನಮ್ಮದು ಗಾದಿ ಹೊಲಿಯುವ ಪಿಂಜಾರರ ಮನೆ. ಮುಸ್ಲಿಮರಾದರೂ ಮನೆಮಾತು ಕನ್ನಡ. ಆಪಾ ಅವರದು ಉರ್ದು ಮನೆ. ನನಗೆ ಏಳು ವರ್ಷವಿದ್ದಾಗ ಅವ್ವ ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿದಳು.

"ಮನ್ಯಾಗ ಏನು ಮಾತಾಡ್ತೀರಿ?" ಎಂದು ಆಪಾ ಕೇಳಿದರು.

"ಕನ್ನಡ್ರಿ," ಅಂದೆ.

"ಹಂಗಾರ ಉಳಿದೋರು ಒಂದು ಸಲ ಓದಿದ್ರ ನೀ ನಾಕು ಸಲ ಓದಬೇಕು. ಹೊಸ್ತಿಲ ಹತ್ರ ಕುಂದ್ರು."

ಆರು ವರ್ಷ ನಾನು ಹೊಸ್ತಿಲ ಹತ್ತಿರವೇ ಕೂತೆ. ಚೆನ್ನಾಗಿ ಓದಿದ ದಿನ ಅವರು ಹೇಳುತ್ತಿದ್ದುದು ಒಂದೇ ಮಾತು: "ಪಿಂಜಾರ ಹುಡುಗಿ ಓದ್ಯಾಳ ನೋಡ್ರಲೇ, ನಿಮಗೇನು ಬ್ಯಾನಿ?" ಅದು ಹೊಗಳಿಕೆಯೆಂದು ಅವ್ವ ಹೇಳುತ್ತಿದ್ದಳು. ನನಗೆ ಹಾಗೆ ಕೇಳಿಸುತ್ತಿರಲಿಲ್ಲ.

ನನಗೆ ಹನ್ನೆರಡಾದಾಗ ಒಂದು ಮಧ್ಯಾಹ್ನ ಆಪಾ ಬಾಗಿಲು ಹಾಕಿ, ಚಾಪೆ ಹಾಸಿ, ನಮ್ಮನ್ನು ಸಾಲಾಗಿ ನಿಲ್ಲಿಸಿ ಈದ್ ನಮಾಜು ಕಲಿಸಿದರು. ಈ ನಮಾಜಿನಲ್ಲಿ ದಿನದ ನಮಾಜಿಗಿಂತ ಹೆಚ್ಚಿನ ತಕ್ಬೀರುಗಳಿರುತ್ತವೆ. ಅಂದರೆ ಕೈ ಎತ್ತಿ "ಅಲ್ಲಾಹು ಅಕ್ಬರ್" ಅನ್ನಬೇಕು. ನಮ್ಮ ಕಡೆಯ ಹನಫಿ ಪದ್ಧತಿಯಲ್ಲಿ ಅವು ಆರು. ಮೊದಲ ಸುತ್ತಿನಲ್ಲಿ ಕುರ್‌ಆನ್ ಓದುವುದಕ್ಕೆ ಮುಂಚೆ ಮೂರು, ಎರಡನೆಯ ಸುತ್ತಿನಲ್ಲಿ ಓದಿ ಮುಗಿದ ಮೇಲೆ ಮೂರು. ನಮ್ಮ ಊರಿನಲ್ಲಿ ಹೆಂಗಸರು ಈದ್ಗಾಕ್ಕೆ ಹೋಗುವ ರೂಢಿಯಿಲ್ಲ. ಹಬ್ಬದ ಬೆಳಿಗ್ಗೆ ಅವರು ಒಲೆ ಮುಂದೆ ಶಾವಿಗೆ ಪಾಯಸದ, ಅಂದರೆ ಸುರಕುಂಬಾದ, ಹಾಲು ಉಕ್ಕದಂತೆ ಕಾಯುತ್ತಾರೆ. ಒಬ್ಬ ಹುಡುಗಿ ಕೇಳಿಯೇಬಿಟ್ಟಳು: "ನಾವು ಹೋಗಂಗಿಲ್ಲಲ್ರಿ ಆಪಾ, ಯಾಕ ಕಲೀಬೇಕು?"

"ಗಂಡಸ್ರು ಅಲ್ಲಿ ತಪ್ಪಿದ್ರ ಮನ್ಯಾಗ ಹೇಳಾಕರ ಒಬ್ರು ಬೇಕಲ್ಲ. ಕೈ ಎತ್ತು."

ಆಪಾ ತಮಾಷೆಗೆ ಹೇಳಿದ್ದಲ್ಲ. ಪ್ರತಿ ಹಬ್ಬದ ಬೆಳಿಗ್ಗೆ ಅವರು ಮಾಳಿಗೆ ಹತ್ತಿ, ಈದ್ಗಾದ ಮೈಕಿನ ಕಡೆ ಕಿವಿಗೊಟ್ಟು, ಬೆರಳು ಮಡಚಿ ಎಣಿಸುತ್ತಿದ್ದರು. ನನ್ನ ಹೈಸ್ಕೂಲಿನ ಮೊದಲ ವರ್ಷ ಎರಡನೆಯ ಸುತ್ತಿನಲ್ಲಿ ಎರಡೇ ತಕ್ಬೀರು ಕೇಳಿಸಿದವು. ಹೊಸ ಬಟ್ಟೆಯಲ್ಲಿ ಮನೆಗೆ ಬಂದ ಗಫೂರಸಾಬರನ್ನು ಆಪಾ ಕೂರಲು ಬಿಡದೆ ಮಸೀದಿ ಕಮಿಟಿಯವರ ಹತ್ತಿರ ವಾಪಸ್ ಕಳಿಸಿದರು. ಅಲ್ಲಿಂದ ಬಂದ ಉತ್ತರ: "ಮನ್ಯಾಗಿರೋ ಹೆಣ್ಮಕ್ಳು ಮೈಕಿನ ಲೆಕ್ಕ ಇಡೋದು ಬ್ಯಾಡ ಅನ್ನು."

"ಹೋಗ್ಲಿ ಬಿಡು ಅತ್ಲಾಗ," ಅಂದರು ಗಫೂರಸಾಬರು.

"ಹೋಗ್ಲಿ ಅನ್ನಾಕ ಅದು ನಿಮ್ಮ ಅಂಗಡಿ ಮುಂದಿನ ರೈಲೇನು?"

ಆ ಹಬ್ಬದಿಂದ ಆಪಾ ಮನೆಯ ಸುರಕುಂಬಾ ಕಮಿಟಿಯವರ ಯಾರ ಮನೆಗೂ ಹೋಗಲಿಲ್ಲ. ಅವರ ಮನೆಯ ಹುಡುಗಿಯರು ಓದಲು ಬರುವುದು ನಿಂತಿತು. ಪಡಸಾಲೆಯಲ್ಲಿ ಉಳಿದವರು ಐದೇ ಹುಡುಗಿಯರು, ಅದರಲ್ಲಿ ಮೂವರು ಪಿಂಜಾರರು. ಆಗಲೂ ಆಪಾ ನಮ್ಮನ್ನು ಹೊಸ್ತಿಲಿನಿಂದ ಒಳಗೆ ಕರೆಯಲಿಲ್ಲ.

ಓದು ಮುಗಿಸಿ ನಾನು ಹೊಸಪೇಟೆಯ ಒಂದು ಪತ್ರಿಕೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ನಂತರ ಮಲೇಷ್ಯಾದಲ್ಲಿ ಇಸ್ಲಾಮಿಕ್ ಅಧ್ಯಯನಕ್ಕೆ ಸೀಟು ಸಿಕ್ಕಿತು. ಊರು ಬಿಟ್ಟು ಓದಲು ಹೋಗುವವರು ಮೊದಲು ಅಕ್ಷರ ಕಲಿಸಿದವರ ಬಾಯಿಂದ "ಮಾಫ್ ಮಾಡೀನಿ" ಎಂಬ ಕ್ಷಮೆಯ ಮಾತು ಪಡೆದು ಹೋಗಬೇಕು. ಅದಿಲ್ಲದ ಓದು ಹತ್ತುವುದಿಲ್ಲ ಎಂಬುದು ನಮ್ಮ ಓಣಿಯ ನಂಬಿಕೆ. ಅವ್ವ ಅದನ್ನು ಗಟ್ಟಿಯಾಗಿ ನಂಬಿದ್ದಳು. ನಾನು ನಂಬಿರಲಿಲ್ಲ ಅಂದುಕೊಂಡಿದ್ದೆ. ಆದರೂ ಫೆಬ್ರವರಿಯಲ್ಲಿ, ಹೊರಡುವ ಹಿಂದಿನ ದಿನ, ಅವ್ವನ ಜೊತೆ ಹೋದೆ.

"ಪೇಪರ್‌ನ್ಯಾಗ ಬರಿಯಾಕಿ, ಈಗ ದೀನ್ ಕಲಿಯಾಕ ಹೊಂಟಿ," ಅಂದರು ಆಪಾ. "ನಾ ಕಲಿಸಿದ್ದು ಎಲ್ಲಿ ಸಾಲಲಿಲ್ಲ, ಅದನ್ನ ಹೇಳು."

"ಸಾಲಲಿಲ್ಲ ಅಂತಲ್ರಿ ಆಪಾ. ಇನ್ನಾ ಕಲೀಬೇಕು ಅಂತ."

"ಎರಡೂ ಒಂದ."

ಅವ್ವ ನಡುವೆ ಬಾಯಿ ಹಾಕಿದಳು: "ಹುಡುಗಿ ಹೊಂಟೈತ್ರಿ. ಮಾಫ್ ಮಾಡೀನಿ ಅಂದು ಕಳಿಸ್ರಿ."

"ತಪ್ಪು ಮಾಡಿದೋರು ಮಾಫ್ ಕೇಳ್ತಾರ. ಹೋಗೋದು ತಪ್ಪು ಅಂತ ಒಪ್ಪಿದ್ರ ಹೋಗದ ಕುಂದ್ರಲಿ. ತಪ್ಪಲ್ಲ ಅಂದ್ರ ನನ್ನ ಮಾಫ್ ಯಾತಕ್ಕ ಬೇಕು?"

ಮನೆಗೆ ಬಂದ ಮೇಲೆ ಅವ್ವ, "ಫೋನಿನ್ಯಾಗರ ಹೇಳಿಸ್ಕೊ," ಅಂದಳು.

ಏಪ್ರಿಲ್ 10ರ ಫೋನು ಅದಕ್ಕಾಗಿ. ಹಬ್ಬದ ದಿನ ಮನಸ್ಸು ಮೆತ್ತಗಿರುತ್ತದೆ ಎಂದು ಲೆಕ್ಕ ಹಾಕಿದ್ದೆ. ಅಂದು ಬೆಳಿಗ್ಗೆ ಹಾಸ್ಟೆಲಿನ ಹುಡುಗಿಯರೆಲ್ಲ ಮಸೀದಿಗೆ ಹೊರಟಿದ್ದರು. ಅಲ್ಲಿ ಅಜ್ಜಿಯರು, ಬಾಣಂತಿಯರು, ಸ್ಕೂಲ್ ಮಕ್ಕಳು ಎಲ್ಲರೂ ಬರುತ್ತಾರೆ. ನನ್ನ ಜೀವನದಲ್ಲಿ ಅದು ಮೊದಲ ಈದ್ ನಮಾಜು. ನನಗೆ ಕ್ರಮ ಗೊತ್ತಿತ್ತು, ಹೆದರಿಕೆಯಿರಲಿಲ್ಲ. ಮೂರು ತಕ್ಬೀರು ಮುಗಿಸಿ ಕೈ ಕಟ್ಟಿದೆ. ಸುತ್ತಲಿನ ಕೈಗಳು ಮತ್ತೆ ಮೇಲೆದ್ದವು, ಇನ್ನೂ ನಾಲ್ಕು ಸಲ. ಅಲ್ಲಿಯವರು ಶಾಫಿ ಪದ್ಧತಿಯವರು. ಮೊದಲ ಸುತ್ತಿನಲ್ಲಿ ಏಳು, ಎರಡನೆಯದರಲ್ಲಿ ಐದು, ಎಲ್ಲವೂ ಓದುವುದಕ್ಕೆ ಮುಂಚೆಯೇ. ಎರಡನೆಯ ಸುತ್ತಿನ ಓದು ಮುಗಿದಾಗ ಆಪಾ ಕಲಿಸಿದಂತೆ ಕೈ ಎತ್ತಿದೆ. ಉಳಿದವರೆಲ್ಲ ಸೊಂಟ ಬಗ್ಗಿಸಿದ್ದರು. ಅಷ್ಟು ಸಾಲುಗಳ ನಡುವೆ ನಾನೊಬ್ಬಳೇ ನೆಟ್ಟಗೆ ನಿಂತಿದ್ದೆ.

ಇದನ್ನು ಕೇಳಿ ಆಪಾ ನಗುತ್ತಾರೆಂದುಕೊಂಡೆ. ಅವರು ಒಂದೊಂದಾಗಿ ಕೇಳಿದರು.

"ಇವತ್ತ ಹಬ್ಬ ಏನು ನಿಮಗ?"

"ಹೌದ್ರಿ. ಇಲ್ಲಿ ಚಂದ್ರ ಕಂಡೈತಿ."

"ಒಂದು ರೋಜಾ ನುಂಗಿದಿ. ಮತ್ತ ಈದ್ಗಾಕ್ಕ ಹೋದಿ?"

"ಮಸೀದಿಗ್ರಿ. ಹೆಣ್ಮಕ್ಳೆಲ್ಲ ಹೋಗ್ತಾರ."

"ಎಷ್ಟು ತಕ್ಬೀರು?"

"ಹನ್ನೆರಡು ರಿ."

"ಹನ್ನೆರಡು ಅಂದ್ಮ್ಯಾಗ ನಿನ್ನ ನಮಾಜು ಆಗಿಲ್ಲ."

ಮಾಫ್ ಕೇಳುವ ಮೊದಲೇ ಫೋನ್ ಇಟ್ಟರು. ವಾರದ ನಂತರ ಅವ್ವನ ಮೂಲಕ ಅವರ ಷರತ್ತು ಬಂತು: ಬಿಟ್ಟ ರೋಜಾ ಹಿಡಿಯಬೇಕು, ಆ ನಮಾಜು ಆಗಿಲ್ಲವೆಂದು ಬಾಯಿಬಿಟ್ಟು ಹೇಳಬೇಕು; ಆಗ ಮಾಫ್. ಮಲೇಷ್ಯಾದಲ್ಲಿ ಆ ತಿಂಗಳು ಇಪ್ಪತ್ತೊಂಬತ್ತೇ ರೋಜಾ; ನಾನು ಬಿಟ್ಟದ್ದು ಯಾವುದೂ ಇರಲಿಲ್ಲ. ಆದರೂ ಒಂದು ರೋಜಾ ಹಿಡಿದೆ. ಎರಡನೆಯದನ್ನು ಹೇಳಲಿಲ್ಲ. ರಜೆ ಮುಗಿದು ಪಾಠ ಶುರುವಾದಾಗ ನಾನು ತರಗತಿಯಲ್ಲಿ ಕೇಳಿದ ಮೊದಲ ಪ್ರಶ್ನೆ ಇದೇ ಆಗಿತ್ತು. ಆರಕ್ಕೂ ಹನ್ನೆರಡಕ್ಕೂ ಪ್ರವಾದಿಯವರ ಒಡನಾಡಿಗಳ ಕಾಲದ ಆಧಾರವಿದೆ ಎಂದು ಪ್ರಾಧ್ಯಾಪಕರು ಪುಸ್ತಕ ತೆರೆದು ತೋರಿಸಿದರು. ಎರಡನ್ನೂ ಬರೆದುಕೊಂಡೆ.

"ಸುಳ್ಳ ಒಂದು ಮಾತು ಅಂದ್ರ ಏನಾಕ್ಕೈತಿ? ಮುದುಕಿ ಮನಸ್ಸು ತಣ್ಣಗಾಕ್ಕೈತಿ," ಎಂದು ಅವ್ವ ಪ್ರತಿ ಫೋನಿನಲ್ಲೂ ಹೇಳಿದಳು.

"ಸುಳ್ಳು ಹೇಳಿ ಮಾಫ್ ತಗೊಂಡ್ರ ಅದು ಮಾಫ್ ಆಗ್ತೈತೇನವ್ವಾ?"

"ಅಕಿ ಹಂಗ ಮಾತಾಡಾಕ ಕಲ್ತಿ ನೋಡು."

ಡಿಸೆಂಬರಿನ ರಜೆಯಲ್ಲಿ ಊರಿಗೆ ಹೋದೆ. ಹರಪನಹಳ್ಳಿಯಲ್ಲಿ ಬಸ್ ಬದಲಿಸಿ ಮಧ್ಯಾಹ್ನ ಕೊಟ್ಟೂರು ಸೇರಿ, ಅದೇ ಸಂಜೆ ಆಪಾ ಮನೆಗೆ ನಡೆದೆ. ಗಫೂರಸಾಬರು ತೀರಿಕೊಂಡು ಮೂರು ವರ್ಷವಾಗಿತ್ತು. ಓದಲು ಬರುವ ಹುಡುಗಿಯರು ಇರಲಿಲ್ಲ. ಆಪಾ ಮಂಚದ ಮೇಲೆ ಕೂತಿದ್ದರು, ಕಾಲು ಬಾತಿದ್ದವು. ಸೊಸೆ ಮುನೀರಾ ಕುರ್ಚಿ ತಂದಿಟ್ಟಳು.

"ಕುರ್ಚಿ ಒಳಗಿಡು. ನಿಂತ ಮಾತಾಡಿ ಹೋಗ್ತಾಳ," ಅಂದರು ಆಪಾ. ಆಮೇಲೆ ನನ್ನ ಕಡೆ ತಿರುಗಿ: "ರೋಜಾ?"

"ಹಿಡದೆರಿ."

"ನಮಾಜು?"

"ಆಗೈತ್ರಿ ಆಪಾ. ಆರೂ ಸರಿ, ಹನ್ನೆರಡೂ ಸರಿ. ಎರಡಕ್ಕೂ ಆಧಾರ ಐತ್ರಿ. ಬರಕೊಂಡು ಬಂದೀನಿ, ಓದ್ಲೇನ್ರಿ?"

"ಆರು ಅಂತ ನಾ ಇಡೀ ಜಮಾತಿನ ಕೂಡ ಜಗಳ ಹಿಡದೀನಿ. ಒಬ್ಬರ ಮನಿ ಮದುವಿಗೆ ಹೋಗಿಲ್ಲ, ಒಬ್ಬರ ಮನಿ ಮಣ್ಣಿಗೆ ಹೋಗಿಲ್ಲ. ಹುಡುಗ್ಯಾರನ್ನ ಕಳಕೊಂಡೀನಿ. ಈಗ ನೀ ಬಂದು ಹನ್ನೆರಡೂ ಸರಿ ಅಂತಿ."

"ನಿಮ್ಮ ಜಗಳ ತಪ್ಪಲ್ರಿ. ಅವರು ಅವತ್ತು ಎರಡಕ್ಕ ಮುಗಿಸಿದ್ದು ತಪ್ಪ."

"ನನ್ನ ಸರಿ-ತಪ್ಪು ನಿನ್ನ ಕಡಿಂದ ಕೇಳಬೇಕೇನು ನಾನು? ಹೊಸ್ತಿಲ ಹತ್ರ ಕುಂತು ಓದಿದಾಕಿ ನೀ."

"ನೀವ ಕುಂದ್ರಿಸಿದ್ರಿ ಆಪಾ."

ನಾನು ಮಾಫ್ ಕೇಳಿದೆ, ಯಾವುದಕ್ಕೆ ಎಂದು ಹೇಳದೆ. ಮುನೀರಾ ಚಹಾ ತಂದಳು.

"ಚಾ ವಾಪಸ್ ಒಯ್ಯಿ," ಅಂದರು ಆಪಾ. "ಆಗಿಲ್ಲ ಅನ್ನು, ಈಗಿಂದೀಗ ಮಾಫ್. ಅನ್ನಂಗಿಲ್ಲಂದ್ರ ನಡಿ ಹೊರಗ."

ನಾನು ಹೊರಗೆ ಬಂದೆ. ಜನವರಿ ಮೊದಲ ವಾರ ಮಲೇಷ್ಯಾಕ್ಕೆ ಮರಳಿದೆ.

2025ರ ಫೆಬ್ರವರಿಯಲ್ಲಿ, ರಂಜಾನ್ ತಿಂಗಳಿಗೆ ಹತ್ತು ದಿನ ಇರುವಾಗ ಹಾಜಿರಾ ಆಪಾ ತೀರಿಕೊಂಡರು. ಅವ್ವ ಹೋಗಿ ಮೈ ತೊಳೆಯುವ ಹೆಂಗಸರ ಜೊತೆ ನಿಂತು ಬಂದಳು. ಕೊನೆಯ ದಿನ ಏನಾದರೂ ಅಂದರೇ ಎಂದು ಮುನೀರಾಳನ್ನು ಕೇಳಿದಳಂತೆ. ಮುನೀರಾ ಹೇಳಿದ್ದನ್ನು ಅವ್ವ ಫೋನಿನಲ್ಲಿ ನನಗೆ ಹೇಳಿದಳು:

"ಮುಂಜಾನಿ ಎಚ್ಚರಾದಾಗ, 'ಪಿಂಜಾರ ಹುಡುಗಿ ಆಗಿಲ್ಲ ಅಂದಳೇನು?' ಅಂತ ಕೇಳಿದ್ರಂತ. 'ಇಲ್ರಿ, ಅಂದಿಲ್ಲ' ಅಂದಳಂತ ಮುನೀರಾ. 'ಹೂಂ' ಅಂದು ಗ್ವಾಡಿ ಕಡಿ ಹೊಳ್ಳಿ ಮಲಗಿದ್ರಂತ."