ತಿರುಗುವ ಕಪ್ಪುಕುಳಿ ಮತ್ತು ನಸೀಮಾ ಮೇಡಂ

ಕಪ್ಪುಕುಳಿಯ ಮೊದಲ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂದ 2019ರಲ್ಲಿ ನಾನು ಶಹಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ. ಮಕ್ಕಳು ಆ ಚಿತ್ರದ ಬಗ್ಗೆ ಪ್ರಶ್ನೆ ಕೇಳತೊಡಗಿದ್ದರಿಂದ ಪ್ರೌಢಶಾಲಾ ಶಿಕ್ಷಕರಿಗೆ ಯಾದಗಿರಿಯಲ್ಲಿ ಒಂದು ದಿನದ ತರಬೇತಿ ಏರ್ಪಾಡಾಯಿತು. ಕೈಪಿಡಿ ಬರೆದವನೂ ನಾನೇ, ಪಾಠ ಹೇಳುವವನೂ ನಾನೇ. ಕೈಪಿಡಿ ಅಂದು ಸಂಜೆಯೇ ಅಚ್ಚಿಗೆ ಹೋಗುವುದಿತ್ತು. ಎಲ್ಲರ ಕೈಗೂ ಜೆರಾಕ್ಸ್ ಪ್ರತಿ ಕೊಟ್ಟಿದ್ದೆವು.

ಸೂರ್ಯನ ಹತ್ತು ಪಟ್ಟು ದ್ರವ್ಯರಾಶಿಯ ಕಪ್ಪುಕುಳಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೆ. ಅದರ ಈವೆಂಟ್ ಹೊರೈಜನ್, ಅಂದರೆ ಬೆಳಕೂ ಮರಳಿ ಬರಲಾಗದ ಗಡಿ, ಕೇಂದ್ರದಿಂದ ಸುಮಾರು ಮೂವತ್ತು ಕಿಲೋಮೀಟರ್. ತೊಂಬತ್ತು ಕಿಲೋಮೀಟರಿಗಿಂತ ಒಳಗೆ ಯಾವ ವಸ್ತುವೂ ಸ್ಥಿರವಾಗಿ ಸುತ್ತಲಾರದು. ದ್ರವ್ಯರಾಶಿ ಗೊತ್ತಾದರೆ ಸಾಕು, ಉಳಿದದ್ದೆಲ್ಲ ಗೊತ್ತಾಗುತ್ತದೆ ಎಂದು ಧೈರ್ಯವಾಗಿ ಬರೆದಿದ್ದೆ. ಅದನ್ನೇ ಹೇಳುತ್ತಿರುವಾಗ ಮೂರನೇ ಸಾಲಿನಿಂದ ಒಬ್ಬರು ಎದ್ದು ನಿಂತರು. ಸುರಪುರದ ಹತ್ತಿರದ ದೇವಾಪುರದಲ್ಲಿ ಗಣಿತ ಕಲಿಸುವ ನಸೀಮಾ ಬೇಗಂ.

"ಸರ, ಇದು ತಿರುಗಲಾರದ ಕಪ್ಪುಕುಳಿ ಲೆಕ್ಕ ಆತ್ರಿ. ತಿರುಗೋದಕ್ಕ ಹೊಂದಂಗಿಲ್ಲ."

ಕೆಲವರು ನಕ್ಕರು. "ಅಷ್ಟು ಆಳ ಸಾಲಿ ಮಕ್ಕಳಿಗೆ ಬ್ಯಾಡ್ರಿ. ಕುಂದರ್ರಿ ಮೇಡಂ," ಅಂದೆ.

ಕುಳಿತುಕೊಳ್ಳುವ ಮುನ್ನ ಅವರು ಒಂದೇ ಮಾತು ಕೇಳಿದರು: "ತಿರುಗಲಾರದ ನಕ್ಷತ್ರ ಎಲ್ಲೈತ್ರಿ ಸರ?"

ಪಾಠ ಮುಂದುವರಿಸಿದೆ, ಆದರೆ ಆ ಪ್ರಶ್ನೆ ತಲೆಯಲ್ಲೇ ಸುಳಿಯುತ್ತಿತ್ತು. ನಕ್ಷತ್ರ ಕುಸಿದೇ ಇಂಥ ಕಪ್ಪುಕುಳಿ ಆಗುವುದು. ನಕ್ಷತ್ರ ತಿರುಗುತ್ತಿದ್ದರೆ ಆ ತಿರುಗಾಟ ಎಲ್ಲಿಗೆ ಹೋಗಬೇಕು? ಊಟದ ಬಿಡುವಿನಲ್ಲಿ ನಾನೇ ಅವರ ಬಳಿ ಹೋಗಿ ಕುಳಿತೆ. ಅವರು ನೋಟ್‌ಬುಕ್ ತೆರೆದರು. ತಿರುಗುವ ಕಪ್ಪುಕುಳಿ ಸುತ್ತಲಿನ ಅವಕಾಶವನ್ನೇ, ಅಂದರೆ ಸ್ಪೇಸನ್ನೇ, ತನ್ನೊಂದಿಗೆ ಎಳೆದು ತಿರುಗಿಸುತ್ತದೆ. ವೇಗ ಪರಮಾವಧಿಗೆ ಮುಟ್ಟಿದರೆ ಮೂವತ್ತರ ಗಡಿ ಹದಿನೈದಕ್ಕೆ ಕುಗ್ಗುತ್ತದೆ. ಅದೇ ದಿಕ್ಕಿನಲ್ಲಿ ಸುತ್ತುವ ಅನಿಲ ಹೆಚ್ಚುಕಡಿಮೆ ಆ ಗಡಿಯವರೆಗೂ ಸ್ಥಿರವಾಗಿ ಸುತ್ತಬಲ್ಲದು, ಅದರಿಂದ ಹೊಮ್ಮುವ ಶಕ್ತಿ ಎಷ್ಟೋ ಪಟ್ಟು ಹೆಚ್ಚು. ಒಂದೊಂದು ಸಾಲನ್ನೂ ಬೆರಳಿಟ್ಟು ಪರೀಕ್ಷಿಸಿದೆ. ತಪ್ಪು ನನ್ನದೇ ಆಗಿತ್ತು.

"ಇದನ್ನ ಯಾರು ಕಲಿಸಿದ್ರು ನಿಮಗ?"

"ಯಾರೂ ಇಲ್ರಿ. ನಮ್ಮ ಸಾಲಿ ಹುಡುಗಿ ಒಬ್ಬಾಕಿ, ಕಪ್ಪುಕುಳಿ ತಿರುಗತೈತೇನ್ರಿ ಅಂತ ಕೇಳಿದ್ಳು. ನನಗ ಗೊತ್ತಿಲ್ಲವ್ವಾ, ಓದಿ ಹೇಳ್ತೀನಿ ಅಂದೆ. ಎರಡು ತಿಂಗಳು ಹಿಡೀತ್ರಿ."

ಅಲ್ಲಿಂದಲೇ ಅಚ್ಚುಕೂಟಕ್ಕೆ ಫೋನ್ ಮಾಡಿ, ಕೈಪಿಡಿ ಇಂದು ಕಳಿಸುವುದಿಲ್ಲ ಎಂದೆ. ಮಧ್ಯಾಹ್ನದ ಅವಧಿಯಲ್ಲಿ ನನ್ನ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡು ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟೆ. ಮೊದಲು ಸ್ವಲ್ಪ ಅಳುಕಿದರು. ಆಮೇಲೆ ನಲವತ್ತು ನಿಮಿಷ, ನೋಟ್‌ಬುಕ್ ಮುಟ್ಟದೆ, ಎಷ್ಟು ತಿಳಿಯಾಗಿ ಹೇಳಿದರೆಂದರೆ ಬೆಳಿಗ್ಗೆ ನಕ್ಕವರೂ ತಲೆಬಾಗಿ ಬರೆದುಕೊಂಡರು. ನಾನೂ ಬರೆದುಕೊಂಡೆ. ಆ ಅಧ್ಯಾಯ ಅವರ ಹೆಸರಿನಲ್ಲೇ ಅಚ್ಚಾಯಿತು.

ಮೂವತ್ತು ವರ್ಷ ತರಗತಿಯಲ್ಲಿ 'ಗೊತ್ತಿಲ್ಲ' ಎಂದು ಹೇಳದೇ ಇದ್ದುದನ್ನು ನನ್ನ ಹೆಚ್ಚುಗಾರಿಕೆ ಅಂದುಕೊಂಡಿದ್ದೆ. ಆ ವಾರ ತರಗತಿಯಲ್ಲಿ ಬಂದ ಒಂದು ಪ್ರಶ್ನೆಗೆ ಮೊದಲ ಸಲ, ಗೊತ್ತಿಲ್ಲ, ಓದಿ ಹೇಳುತ್ತೇನೆ ಎಂದೆ. ಮಕ್ಕಳು ನಗಲಿಲ್ಲ. ಮರುದಿನ ನಾನು ಒಳಗೆ ಕಾಲಿಡುತ್ತಲೇ, ಉತ್ತರ ಸಿಕ್ಕಿತೇ ಎಂದು ಹಿಂದಿನ ಬೆಂಚಿನವರೂ ಎದ್ದು ನಿಂತು ಕೇಳಿದರು.