ನಲವತ್ತು ಜನರ ಎದುರು

ಅವರ ಎಡಗೈ ಮಣಿಕಟ್ಟಿನಲ್ಲಿ, ವಾಚು ಕಟ್ಟುವ ಜಾಗದಲ್ಲಿ, ಬಿಳಿಚಿಕೊಂಡ ಒಂದು ಪಟ್ಟಿ ಇತ್ತು. ಅದು ವಾಚಿನ ಗುರುತಲ್ಲ. ಗೋಡೆಯ ನೇರ ನೋಡಲು ಹಿಡಿಯುವ ನೈಲಾನ್ ದಾರವನ್ನು ಕೆಲಸವಿಲ್ಲದಾಗ ಮೇಸ್ತ್ರಿ ಮಣಿಕಟ್ಟಿಗೇ ಸುತ್ತಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಹೀಗೆ ಸುತ್ತಿ ಸುತ್ತಿ ಅಷ್ಟು ಜಾಗದ ಚರ್ಮ ಬಿಸಿಲನ್ನೇ ಕಂಡಿರಲಿಲ್ಲ. ಯಾರಾದರೂ ಗಂಟೆ ಕೇಳಿದರೆ ಆ ಕೈಯನ್ನೇ ಎತ್ತಿ ನೋಡಿ, "ದಾರ ನೋಡುದ್ರೆ ಹತ್ತೂವರೆ ಆಗಿರ್ಬೇಕು" ಎನ್ನುತ್ತಿದ್ದರು. ಬಹುಪಾಲು ಸರಿಯಾಗಿಯೇ ಇರುತ್ತಿತ್ತು.

ನಾನಾಗ ನಂಜನಗೂಡಿನ ಪಕ್ಕದ ತಾಂಡ್ಯದಲ್ಲಿ ಕಾರ್ಖಾನೆ ಕಟ್ಟುತ್ತಿದ್ದ ಒಂದು ಕಂಪನಿಯ ಸೈಟ್ ಎಂಜಿನಿಯರು. ವಯಸ್ಸು ಇಪ್ಪತ್ತಾರು. ಊರು ಕಳಲೆ. ಮನೆಯಲ್ಲಿ ಜಮೀನು, ಹಸು, ಡೈರಿಗೆ ಹಾಲು, ಕೂಲಿಗೆ ಬರುವವರನ್ನು ಎಷ್ಟೇ ಹಿರಿಯರಾದರೂ ಏಕವಚನದಲ್ಲಿ ಕರೆಯುವ ರೂಢಿ. ಹೆಲ್ಮೆಟ್ಟಿನ ಜೊತೆ ಆ ರೂಢಿಯನ್ನೂ ಸೈಟಿಗೆ ತಂದಿದ್ದೆ. ಮೇಸ್ತ್ರಿ ನನ್ನಪ್ಪನಿಗಿಂತ ಎರಡು ವರ್ಷ ದೊಡ್ಡವರು. ನಾನು ಅವರನ್ನು "ಏನಯ್ಯಾ ಮೇಸ್ತ್ರಿ" ಎನ್ನುತ್ತಿದ್ದೆ. ಅವರು ನನ್ನನ್ನು "ಸಾ" ಎನ್ನುತ್ತಿದ್ದರು. ಈಗ 'ಅವರು' ಎಂದು ಬರೆಯುತ್ತಿದ್ದೇನಲ್ಲ, ಈ ಮರ್ಯಾದೆ ಆಗ ನನ್ನ ಬಾಯಿಗೆ ಬರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಆರನೇ ತಿಂಗಳಲ್ಲಿ ಕಂಪನಿ ನನ್ನನ್ನು ಮೂರು ದಿನದ ತರಬೇತಿಗೆ ಕಳಿಸಿತು. ಲೀನ್ ಪ್ಲಾನಿಂಗ್ ಎಂಬ ವಿದ್ಯೆ ಕಲಿತು, ಬಣ್ಣಬಣ್ಣದ ಅಂಟುಚೀಟಿಗಳ ಕಟ್ಟು ಹಿಡಿದು ಬಂದೆ. ಯಾವ ತಂಡ ಯಾವತ್ತು ಏನು ಮಾಡಬೇಕೆಂದು ಬರೆದು ಸಿಮೆಂಟು ಶೆಡ್ಡಿನ ತಗಡಿಗೆಲ್ಲ ಅಂಟಿಸಿದೆ. ತಾಂಡ್ಯದ ಗಾಳಿಗೆ ಮಧ್ಯಾಹ್ನದೊಳಗೆ ಅರ್ಧ ಚೀಟಿಗಳು ಜಲ್ಲಿರಾಶಿಯ ಮೇಲಿದ್ದವು. ಮೇಸ್ತ್ರಿ ಅವನ್ನು ಒಂದೊಂದಾಗಿ ಆರಿಸಿ ತಂದುಕೊಟ್ಟು, "ಲೀನ್ ಅಂದ್ರೆ ಏನ್ ಸಾ?" ಎಂದರು. "ತೆಳ್ಳಗೆ ಅಂತ. ಬೇಡದ್ದನ್ನೆಲ್ಲ ತೆಗೆದು ಕೆಲಸ ಮಾಡೋದು." ಅವರು ತಮ್ಮ ತಂಡದ ಕಡೆ ತಿರುಗಿ ನೋಡಿ, "ನಾವೆಲ್ಲ ಆಗ್ಲೇ ತೆಳ್ಳಗೇ ಇದ್ದೀವಲ್ಲ ಸಾ" ಎಂದರು. ಕಂಬಿ ಕಟ್ಟುವವರು ಮುಖ ತಿರುಗಿಸಿಕೊಂಡು ನಕ್ಕರು. ನನಗೆ ಮೈ ಉರಿಯಿತು.

ಉರಿಯಲು ಇನ್ನೊಂದು ಕಾರಣವಿತ್ತು. ನಾನು ಮೂರು ದಿನ ಎ.ಸಿ. ಕೋಣೆಯಲ್ಲಿ ಕೂತು ಕಲಿತದ್ದನ್ನು ಈ ಮನುಷ್ಯ ಒಂದು ಸೀಮೆಸುಣ್ಣ ಹಿಡಿದು ದಿನವೂ ಮಾಡುತ್ತಿದ್ದರು. ಬೆಳಿಗ್ಗೆ ಎಂಟೂವರೆಗೆ ಎಲ್ಲರೂ ಶೆಡ್ಡಿನ ಮುಂದೆ ಸುತ್ತ ನಿಲ್ಲಬೇಕು: ಸೆಂಟ್ರಿಂಗಿನವರು, ಕಂಬಿಯವರು, ಎಲೆಕ್ಟ್ರಿಷಿಯನ್ನು, ವೆಲ್ಡರು, ಬಾಂಡ್ಲಿ ಹೊರುವ ಹೆಂಗಸರು. ಒಟ್ಟು ನಲವತ್ತು ಜನ. ಮೇಸ್ತ್ರಿ ಯಾರಿಗೂ ಇಂಥದ್ದು ಮಾಡು ಎನ್ನುತ್ತಿರಲಿಲ್ಲ. ಒಬ್ಬೊಬ್ಬರನ್ನೂ ಕೇಳುತ್ತಿದ್ದುದು ಒಂದೇ ಮಾತು: "ನಾಳೆ ಕೆಲ್ಸಕ್ಕೆ ನಿಮ್ಗೆ ಏನ್ ಅಡ್ಡ ಅದೆ?" ಮರಳು ಬಂದಿಲ್ಲ, ಏಣಿ ಬೇರೆಯವರ ಹತ್ತಿರ ಇದೆ, ನೀರಿನ ಪೈಪು ಒಡೆದಿದೆ ಎಂದು ಅವರು ಹೇಳುವುದು. ಆ ಅಡ್ಡ ತೆಗೆಯುವುದೇ ಮೇಸ್ತ್ರಿಯ ಅಂದಿನ ಕೆಲಸ. "ಕೈ ಕಟ್ಕೊಂಡು ನಿಂತಿರೋ ಆಳು ಸೋಮಾರಿ ಅಲ್ಲ ಸಾ. ನಾವು ಅವ್ನಿಗೆ ಕೆಲ್ಸ ಒದುಗ್ಸಿಲ್ಲ ಅಷ್ಟೆ" ಎನ್ನುತ್ತಿದ್ದರು.

ಒಂದು ಕೋಣೆಯ ಕೆಲಸ ಮುಗಿದರೆ ಮುಂದಿನ ತಂಡ ಬರುವ ಮೊದಲು ಗುಡಿಸಿಯೇ ಹೊರಗೆ ಬರಬೇಕು. ಎಷ್ಟೋ ಸಲ ಪೊರಕೆ ಅವರ ಕೈಯಲ್ಲೇ ಇರುತ್ತಿತ್ತು. "ಇನ್ನು ಬರೋರು ನಮ್ಮ ನೆಂಟ್ರು. ಕಸದ ಮೇಲೆ ಕೂರುಸ್ತೀವಾ?" ಬಾಂಡ್ಲಿ ಹೊರುವ ಹುಡುಗಿಗೂ "ಬನ್ರವ್ವ, ನೀವೇಳಿ" ಎಂದೇ ಕೇಳುವುದು.

ನಮ್ಮ ಕಡೆ ಎಂಜಿನಿಯರ್ ಎದುರು ಯಾರೂ 'ಆಗಲ್ಲ' ಎನ್ನುವುದಿಲ್ಲ. ಏನೇ ಹೇಳಿದರೂ "ಆಯ್ತು ಬುಡಿ ಸಾ" ಎಂದು ಬೀಡಿ ಹಚ್ಚಲು ಹೋಗುತ್ತಾರೆ. ಎಷ್ಟೋ ಕೆಲಸ ಹಾಳಾಗುವುದು ಈ ಮರ್ಯಾದೆಯಿಂದಲೇ. ಮೇಸ್ತ್ರಿಯ ವೃತ್ತದಲ್ಲಿ ಮಾತ್ರ, "ನಾಳೆ ಆಗಲ್ಲ ಕಣಣ್ಣ" ಎಂದವನಿಗೆ ಮೊದಲು ಟೀ. "ಇವತ್ತೇ ಏಳುದ್ಯಲ್ಲ, ಒಳ್ಳೇದಾಯ್ತು" ಎಂದು ಬೆನ್ನು ತಟ್ಟುತ್ತಿದ್ದರು. ಆಗುತ್ತೆ ಎಂದವರು ಶೆಡ್ಡಿನ ತಗಡಿನ ಮೇಲೆ, ತಮ್ಮ ಹೆಸರಿನ ಮುಂದೆ, ತಮ್ಮ ಸಾಲನ್ನು ಸೀಮೆಸುಣ್ಣದಲ್ಲಿ ತಾವೇ ಬರೆಯಬೇಕು. ಬರೆಯಲು ಬಾರದವರು ಒಂದು ಗೀಟು ಎಳೆಯಬೇಕು. ಒಬ್ಬರ ಮಾತನ್ನು ಇನ್ನೊಬ್ಬರು ಬರೆಯುವಂತಿಲ್ಲ. ನಾನು ಆ ತಗಡಿನ ಫೋಟೋ ತೆಗೆದು ದಿನವೂ ಹೆಡ್ ಆಫೀಸಿಗೆ ಕಳಿಸುತ್ತಿದ್ದೆ. ಲೀನ್ ಪ್ಲಾನಿಂಗ್ ಚೆನ್ನಾಗಿ ಮಾಡುತ್ತಿದ್ದೀರಿ ಎಂದು ಆಫೀಸಿನವರು ನನಗೆ ಹೊಗಳಿಕೆ ಕಳಿಸುತ್ತಿದ್ದರು. ಅದನ್ನು ನಾನು ಯಾರಿಗೂ ಓದಿ ಹೇಳಲಿಲ್ಲ.

ಈಗ ಆ ಶುಕ್ರವಾರದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದನ್ನು ಮುಂದೂಡಲಿಕ್ಕೇ.

ದೊಡ್ಡ ಯಂತ್ರವೊಂದಕ್ಕೆ ಕಾಂಕ್ರೀಟಿನ ಅಡಿಪಾಯ ಆಗಬೇಕಿತ್ತು. ಯಂತ್ರದ ಕಾಲುಗಳಲ್ಲಿರುವ ತೂತುಗಳಿಗೆ ಸರಿಯಾಗಿ ಎಂಟು ಬೋಲ್ಟುಗಳು ಕಾಂಕ್ರೀಟಿನಿಂದ ತಲೆಯೆತ್ತಿ ನಿಂತಿರಬೇಕು. ಕಾಂಕ್ರೀಟು ಸುರಿದು ವೈಬ್ರೇಟರಿನಿಂದ ಅದುರಿಸಿ ಕೂರಿಸುವಾಗ ಅಲುಗಾಡದಂತೆ ಬೋಲ್ಟುಗಳನ್ನು ಕಬ್ಬಿಣದ ಚೌಕಟ್ಟಿಗೆ ವೆಲ್ಡ್ ಮಾಡಿ ಹಿಡಿಸುತ್ತಾರೆ. ಅಂದು ವೆಲ್ಡರನ ಮಗಳಿಗೆ ಜ್ವರ. ಶನಿವಾರ ಬರುತ್ತೇನೆಂದು ಹಿಂದಿನ ದಿನವೇ ಹೇಳಿ ಹೋಗಿದ್ದ. ಬೋಲ್ಟುಗಳು ಬರೀ ತಂತಿ ಕಟ್ಟಿನಲ್ಲಿ ನಿಂತಿದ್ದವು. ಶನಿವಾರ ಬೆಳಿಗ್ಗೆ ಹೆಡ್ ಆಫೀಸಿನ ದೊಡ್ಡ ಸಾಹೇಬರು ಬರುವವರಿದ್ದರು, ಅಡಿಪಾಯ ಮುಗಿದಿರುತ್ತದೆ ಎಂದು ನಾನು ಫೋನಿನಲ್ಲಿ ಜಂಬದಿಂದ ಹೇಳಿಬಿಟ್ಟಿದ್ದೆ.

ಬೆಳಗಿನ ವೃತ್ತದಲ್ಲಿ ಮೇಸ್ತ್ರಿ ತಮ್ಮ ಸರದಿ ಬಂದಾಗ, "ಇವತ್ತು ಸುರಿಯೋಕಾಗಲ್ಲ ಸಾ. ವೆಲ್ಡಿಂಗ್ ಆಗಿಲ್ಲ. ವೈಬ್ರೇಟರ್ ಇಟ್ರೆ ಬೋಲ್ಟು ಜರುಗ್ತವೆ" ಎಂದರು.

"ಮೂವತ್ತು ವರ್ಷ ಸರ್ವೀಸು ಅಂತೀಯ. ಎಂಟು ಬೋಲ್ಟ್ ನೆಟ್ಟಗೆ ನಿಲ್ಲಿಸೋಕೆ ಬರಲ್ವೇನಯ್ಯಾ?"

"ನಾಳೆ ಮಧ್ಯಾಹ್ನಕ್ಕೆ ಸುರಿಯಾನ ಸಾ. ನಾನೇ ನಿಂತ್ಕೊಂಡು ಮಾಡುಸ್ತೀನಿ."

"ನಾಳೆ ಬೇರೆ ಮೇಸ್ತ್ರಿ ಬರ್ತಾನೆ ಹಾಗಾದ್ರೆ. ನೀನು ನಿನ್ನ ಜನಾನ ಕರ್ಕೊಂಡು ಹೊರಡು."

ಸುತ್ತ ನಿಂತವರು ನೆಲ ನೋಡಿದರು. ಮೇಸ್ತ್ರಿ ತಮ್ಮ ಜನರ ಕಡೆ ಒಂದು ಸಲ ಕಣ್ಣಾಡಿಸಿದರು. ಆಮೇಲೆ, "ಆಯ್ತು ಬುಡಿ ಸಾ" ಎಂದರು. ಆ ಮಾತಿಗೆ ಬೆಲೆ ಎಷ್ಟೆಂದು ನನಗೆ ಗೊತ್ತಿತ್ತು. ಅವರತ್ತ ಸೀಮೆಸುಣ್ಣ ಚಾಚಿದೆ. ಅವರು ಕೈ ಮುಂದೆ ಮಾಡಲಿಲ್ಲ. ನಾನೇ ಅವರ ಹೆಸರಿನ ಮುಂದೆ 'ಇಂದು ಕಾಂಕ್ರೀಟ್, ತಯಾರು' ಎಂದು ಬರೆದು ಫೋಟೋ ತೆಗೆದೆ. ಅಂದೇ ಕಾಂಕ್ರೀಟು ಸುರಿದರು. ಸಂಜೆಯವರೆಗೂ ಮೇಸ್ತ್ರಿ ಅಡಿಪಾಯದ ಬಳಿಯಿಂದ ಅಲುಗಾಡಲಿಲ್ಲ. ಊಟಕ್ಕೂ ಹೋಗಲಿಲ್ಲ.

ಮೂರು ವಾರದ ಮೇಲೆ ಯಂತ್ರ ಬಂತು. ಕ್ರೇನು ಅದನ್ನು ಎತ್ತಿ ಅಡಿಪಾಯದ ನೇರಕ್ಕೆ ತಂದು ಹಿಡಿಯಿತು. ಇಡೀ ಸೈಟು ಕೆಲಸ ಬಿಟ್ಟು ನೋಡಲು ಬಂದಿತ್ತು. ಇಳಿಸಿದರು, ಕೂರಲಿಲ್ಲ. ಎತ್ತಿ ತಿರುಗಿಸಿ ಮತ್ತೆ ಇಳಿಸಿದರು. ಎರಡು ಬೋಲ್ಟುಗಳು ತೂತಿನಿಂದ ಒಂದೊಂದು ಬೆರಳಿನಷ್ಟು ಆಚೆ ಇದ್ದವು. ಯಂತ್ರ ಹಗ್ಗದಲ್ಲಿ ನೇತಾಡುತ್ತಲೇ ಇತ್ತು. ದೊಡ್ಡ ಸಾಹೇಬರು ಕನ್ನಡಕ ತೆಗೆದು, "ಯಾರು ರೆಡಿ ಅಂತ ಹೇಳಿದ್ದು?" ಎಂದರು.

ನಾನು ಜೇಬಿನಿಂದ ಫೋನು ತೆಗೆದೆ. ಆ ಶುಕ್ರವಾರದ ಫೋಟೋ ಹುಡುಕಿ ಸಾಹೇಬರ ಕೈಗೆ ಕೊಟ್ಟೆ. "ಮೇಸ್ತ್ರಿ ತಯಾರು ಅಂತ ಹೇಳಿದ್ರು ಸರ್." ಆ ಕ್ಷಣದಲ್ಲಿ ನನ್ನ ಬಾಯಿಂದ ಬಹುವಚನ ಬಂತು. ಅದು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಫೋಟೋದಲ್ಲಿದ್ದದ್ದು ನನ್ನ ಅಕ್ಷರ. ಅದು ಮೇಸ್ತ್ರಿಗೆ ಗೊತ್ತು, ಅಂದು ವೃತ್ತದಲ್ಲಿದ್ದವರಿಗೆಲ್ಲ ಗೊತ್ತು. ಆದರೆ ಎಂಜಿನಿಯರ್ ವಿರುದ್ಧ ಬಾಯಿ ಬಿಡುವವರು ಯಾರು? ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. "ಸುರ್ದೋರು ನಾವೇ ಸಾ. ಒಡ್ದು ಮತ್ತೆ ಕಟ್ಕೊಡ್ತೀವಿ" ಎಂದರು. ಆ ಕಲ್ಲಿನಂಥ ಕಾಂಕ್ರೀಟನ್ನು ಎಂಟು ದಿನ ಒಡೆದರು. ಮೇಸ್ತ್ರಿಯೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸುತ್ತಿಗೆ ಹಿಡಿದಿದ್ದರು. ನಾನು ಕಂಟೇನರ್ ಆಫೀಸಿನೊಳಗೆ ಫ್ಯಾನಿನ ಕೆಳಗೆ ಕೂತು ಆ ಸದ್ದು ಕೇಳಿದೆ. ಒಂಬತ್ತನೇ ದಿನ ಕಂಪನಿ ಅವರನ್ನು ಕಳಿಸಿಬಿಟ್ಟಿತು. ಬೋಲ್ಟು ಕೆಡಿಸಿದ ಮೇಸ್ತ್ರಿ ಎಂದು ತಾಂಡ್ಯದ ಬೇರೆ ಸೈಟುಗಳಲ್ಲೂ ಮಾತಾಯಿತು. ಆಮೇಲೆ ಅಲ್ಲಿ ಯಾರೂ ಅವರನ್ನು ಕರೆಯಲಿಲ್ಲ.

ನಾನು ಬೆಳೆದೆ. ಸೀನಿಯರ್ ಆದೆ, ಪ್ರಾಜೆಕ್ಟ್ ಹೆಡ್ ಆದೆ. ಹೋದ ಸೈಟುಗಳಲ್ಲೆಲ್ಲ ಬೆಳಿಗ್ಗೆ ಎಂಟೂವರೆಗೆ ಜನರನ್ನು ಸುತ್ತ ನಿಲ್ಲಿಸಿ, ಏನು ಅಡ್ಡ ಇದೆ ಎಂದು ಕೇಳುತ್ತೇನೆ. ಎಳೆಯ ಎಂಜಿನಿಯರುಗಳು ಇದನ್ನೆಲ್ಲ ಎಲ್ಲಿ ಕಲಿತಿರಿ ಸರ್ ಎಂದರೆ, ಕಂಪನಿ ತರಬೇತಿಯಲ್ಲಿ ಎನ್ನುತ್ತಿದ್ದೆ.

ಬೋಲ್ಟಿನ ಘಟನೆಯಾಗಿ ಐದಾರು ವರ್ಷದ ಮೇಲೆ ಟಿ. ನರಸೀಪುರದಿಂದ ತಲಕಾಡಿಗೆ ಹೋಗುವ ರಸ್ತೆಯಲ್ಲಿ ಅವರು ಸಿಕ್ಕರು. ಒಂದು ಸಣ್ಣ ಮನೆಗೆ ಗಾರೆ ಮೆತ್ತುತ್ತಿದ್ದರು, ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ದಿನಗೂಲಿಯಾಗಿ. ಆ ಮೇಸ್ತ್ರಿ ನನ್ನ ವಯಸ್ಸಿನವನು. ಕಾರು ನಿಲ್ಲಿಸಿದೆ. ಅವರು ಅಟ್ಟಣಿಗೆಯಿಂದ ಇಳಿದು, ಲುಂಗಿಗೆ ಕೈ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ, "ನಮ್ ಎಂಜಿನಿಯರ್ರು ಕಣ್ರಪ್ಪ, ಕಳಲೆಯೋರು" ಎಂದು ಪರಿಚಯ ಮಾಡಿಸಿದರು. ಟೀ ತರಿಸಿದರು. ಅವ್ವ ಚೆನ್ನಾಗಿದ್ದಾರಾ ಎಂದು ಕೇಳಿದರು. ಹೊರಡುವಾಗ ಕಾರಿನವರೆಗೂ ಬಂದರು. ಬಾಗಿಲು ತೆಗೆದವನು ಅಲ್ಲೇ ನಿಂತು, ತಗ್ಗಿದ ದನಿಯಲ್ಲಿ, "ಅವತ್ತು ತಪ್ಪು ನಂದು. ಕ್ಷಮಿಸಿಬಿಡಿ" ಎಂದೆ.

ಅವರು ರಸ್ತೆಯ ಆಚೆ ಈಚೆ ನೋಡಿದರು. ಸಿಟ್ಟಿಲ್ಲದ ದನಿಯಲ್ಲೇ ಹೇಳಿದರು: "ಇಲ್ಯಾಕ್ ಸಾ ಏಳ್ತೀರಿ? ಇಲ್ಲಿ ಕೇಳೋರ್ ಯಾರವ್ರೆ? ಅವತ್ತು ನಲ್ವತ್ ಜನ ಇದ್ರು."

"ಹೇಳ್ತೀನಿ. ಎಲ್ಲರನ್ನೂ ಸೇರಿಸಿ ಹೇಳ್ತೀನಿ" ಎಂದೆ.

"ಆಯ್ತು ಬುಡಿ ಸಾ" ಎಂದರು.

ಮರುವರ್ಷ ಎದೆನೋವು ಬಂದು ತೀರಿಕೊಂಡರು. ಕಂಬಿ ಕೆಲಸದವನೊಬ್ಬ ನನಗೆ ಫೋನು ಮಾಡಿದ. ಟಿ. ನರಸೀಪುರದ ಹತ್ತಿರದ ಅವರ ಊರಿನಲ್ಲಿ, ಬುದ್ಧನ ಪಟಕ್ಕೆ ಹೂ ಹಾಕಿದ್ದ ಸಮುದಾಯ ಭವನದಲ್ಲಿ, ನುಡಿನಮನ ಇಟ್ಟುಕೊಂಡಿದ್ದರು. ಹೋದೆ. ತಾಂಡ್ಯದ ತಂಡ ಹೆಚ್ಚುಕಡಿಮೆ ಇಡಿಯಾಗಿ ಬಂದಿತ್ತು: ಸೆಂಟ್ರಿಂಗಿನವರು, ವೆಲ್ಡರು, ಬಾಂಡ್ಲಿ ಹೊರುತ್ತಿದ್ದ ಹೆಂಗಸರು. ನನ್ನನ್ನು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಅವರ ಅಣ್ಣನ ಮಗನೊಬ್ಬ ಮಾತಾಡುತ್ತ, "ನಮ್ ಚಿಕ್ಕಪ್ಪ ಜೀವಮಾನದಲ್ಲಿ ತಪ್ಪು ಮಾಡುದ್ದು ಒಂದೇ ಸಲ, ಆ ಬೋಲ್ಟಿನ ಕೆಲ್ಸದಲ್ಲಿ. ಅದನ್ನೂ ತಾವೇ ಒಪ್ಕೊಂಡ್ರು" ಎಂದ. ಆಮೇಲೆ ಮೈಕನ್ನು ತಂದು, "ಎಂಜಿನಿಯರ್ ಸಾ, ತಾವೂ ಎರಡು ಮಾತಾಡ್ಬೇಕು" ಎಂದು ನನ್ನ ಕೈಗೆ ಕೊಟ್ಟ.

ಎದ್ದು ನಿಂತೆ. ಎದುರಿಗೆ ತಾಂಡ್ಯದವರೆಲ್ಲ ಇದ್ದರು. ಅವರಿಗೆಲ್ಲ ಗೊತ್ತಿತ್ತು, ನಾನು ಹೇಳಲೆಂದು ಕಾಯುತ್ತಿದ್ದರೋ ಏನೋ. ವೆಲ್ಡರ್ ನನ್ನನ್ನೇ ನೋಡುತ್ತಿದ್ದ. ಮೇಸ್ತ್ರಿಯ ಶಿಸ್ತು, ಸಮಯಪ್ರಜ್ಞೆ, ಸರಳತೆ ಎಂದು ನಾಲ್ಕು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಕೂತೆ. ಅವರ ಹೆಂಡತಿ ಎದ್ದು ಬಂದು ಕೈಮುಗಿದು, "ಇಷ್ಟು ದೂರದಿಂದ ಬಂದ್ರಲ್ಲ ಸ್ವಾಮಿ, ಉಂಡ್ಕೊಂಡು ಓಗಿ" ಎಂದರು. ಉಂಡು ಬಂದೆ.

ಅಂದು ಮೇಸ್ತ್ರಿ ಆಗಲ್ಲ ಎಂದಿದ್ದರು. ತಯಾರು ಎಂದು ಬರೆದವನು ನಾನು. ಇದನ್ನು ಈಗ ಬರೆಯುತ್ತಿದ್ದೇನೆ. ಆ ನಲವತ್ತು ಜನರಲ್ಲಿ ಇದನ್ನು ಓದುವವರು ಒಬ್ಬರೂ ಇರಲಿಕ್ಕಿಲ್ಲ, ಅದು ಗೊತ್ತಿರುವುದರಿಂದಲೇ ಬರೆಯುವ ಧೈರ್ಯ ಬಂದಿದೆ.